ಪ್ಯಾರಾಸಿಟಮಾಲ್ ಡ್ರಿಪ್: ಮಾತ್ರೆಯ ಲೆಕ್ಕದಲ್ಲಿ ಬಾಟಲಿಯನ್ನೂ ಸೇರಿಸಿ

ಮಳೆಗಾಲ ಶುರುವಾಗಿ ಮೂರು ನಾಲ್ಕು ವಾರ ಕಳೆದರೆ ಸಾಕು, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕ್ಲಿನಿಕ್‌ಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಮೈಕೈ ನೋವು, ಕಣ್ಣಿನ ಹಿಂದೆ ಸಿಡಿತ, ಚಳಿ, ಜ್ವರ. ಒಳಗೆ ಹೋದವರಲ್ಲಿ ಅನೇಕರು ಕೇಳುವ ಮಾತು ಒಂದೇ: "ಮಾತ್ರೆ ನುಂಗಿ ನುಂಗಿ ಸಾಕಾಯ್ತು ಡಾಕ್ಟ್ರೇ, ನಾಳೆ ಡ್ಯೂಟಿಗೆ ಹೋಗ್ಲೇಬೇಕು, ಒಂದು ಡ್ರಿಪ್ಸ್ ಹಾಕ್ಬಿಡಿ." ಕೆಲವೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವುದು ಸರಿಯಾದ ಚಿಕಿತ್ಸೆಯೇ. ಆದರೆ ಆ ಬಾಟಲಿಯೊಳಗೆ ಏನಿದೆ, ಎಷ್ಟಿದೆ ಎಂಬುದನ್ನು ಕೇಳುವವರು ಕಡಿಮೆ. ಈ ವಾರ ಅದನ್ನೇ ನೋಡೋಣ.

ಜ್ವರಕ್ಕೆ ಮತ್ತು ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಹಾಕುವ ಈ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 100 ಮಿ.ಲೀ. ದ್ರಾವಣ. ಅದರಲ್ಲಿ ಕರಗಿರುವುದು 1000 ಮಿ.ಗ್ರಾಂ ಪ್ಯಾರಾಸಿಟಮಾಲ್. ಅಂದರೆ ಪ್ರತಿ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಇದು ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿರುವ ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಮಾತ್ರೆಗಳಲ್ಲಿರುವ ಔಷಧವೇ. ಬೇರೆಯಲ್ಲ, ಹೆಚ್ಚು "ಪವರ್" ಇರುವುದೂ ಅಲ್ಲ. ಒಂದು ಬಾಟಲಿ ಎಂದರೆ 500ರ ಎರಡು ಮಾತ್ರೆ, ಅಥವಾ 650ರ ಒಂದೂವರೆ ಮಾತ್ರೆಗಿಂತ ತುಸು ಹೆಚ್ಚು, ಅಷ್ಟೆ. ಇದನ್ನು ಗ್ಲೂಕೋಸ್ ಎಂದು ತಿಳಿದು "ಶಕ್ತಿ ಬರುತ್ತೆ" ಎಂದು ಹಾಕಿಸಿಕೊಳ್ಳುವವರಿದ್ದಾರೆ. ಇದರಲ್ಲಿ ಶಕ್ತಿಯ ಅಂಶವೇನೂ ಇಲ್ಲ. ನೀರಿನ ಅಂಶವೂ ಅರ್ಧ ಲೋಟಕ್ಕಿಂತ ಹೆಚ್ಚಿಲ್ಲ.

ಪ್ಯಾರಾಸಿಟಮಾಲ್ ರಾಸಾಯನಿಕವಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿದ್ದ ವಸ್ತು. 1948ರಲ್ಲಿ ಅಮೆರಿಕದ ಬ್ರಾಡಿ ಮತ್ತು ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು, ಆಗ ಬಳಕೆಯಲ್ಲಿದ್ದ ಅಸಿಟಾನಿಲೈಡ್ ಎಂಬ ನೋವಿನ ಔಷಧ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಬದಲಾಗಿಯೇ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಇದಕ್ಕೆ ಬೆಲೆ ಬಂತು. ನೀರಿನಲ್ಲಿ ಸುಲಭವಾಗಿ ಕರಗದ, ಕರಗಿದರೂ ಬೇಗ ಕೆಡುವ ಈ ಔಷಧವನ್ನು ರಕ್ತನಾಳಕ್ಕೆ ನೇರವಾಗಿ ಕೊಡುವಂಥ ಸ್ಥಿರ ದ್ರಾವಣವಾಗಿಸಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2010ರ ನವೆಂಬರ್‌ನಲ್ಲಿ. ಇವತ್ತು ನಮ್ಮ ಬಡಾವಣೆಯ ಸಣ್ಣ ನರ್ಸಿಂಗ್ ಹೋಂನಲ್ಲೂ ಇದು ಸಿಗುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಬಾಟಲಿಯ ಲಾಭ ಇರುವುದು ವೇಗದಲ್ಲಿ. ರಕ್ತನಾಳದ ಮೂಲಕ ಕೊಟ್ಟಾಗ ಐದು ಹತ್ತು ನಿಮಿಷದಲ್ಲಿ ನೋವು ಇಳಿಯಲು ತೊಡಗುತ್ತದೆ, ಅರ್ಧ ಗಂಟೆಯೊಳಗೆ ಜ್ವರ ಇಳಿಮುಖವಾಗುತ್ತದೆ. ಮಾತ್ರೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲೆ ಎರಡರ ಪರಿಣಾಮವೂ ಹೆಚ್ಚು ಕಡಿಮೆ ಒಂದೇ, ನಾಲ್ಕರಿಂದ ಆರು ಗಂಟೆ. ನುಂಗಲು ಶಕ್ತರಾದ ರೋಗಿಗಳಲ್ಲಿ ಮಾತ್ರೆಯನ್ನೂ ಬಾಟಲಿಯನ್ನೂ ಹೋಲಿಸಿ ನಡೆದ ಹಲವು ಅಧ್ಯಯನಗಳಲ್ಲಿ ನೋವಿನ ಉಪಶಮನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಆದ್ದರಿಂದ ಇದು ಬೇಕಾಗುವುದು ಬಾಯಿಯ ದಾರಿ ಮುಚ್ಚಿದಾಗ. ಸಿಸೇರಿಯನ್, ಹರ್ನಿಯಾ, ಪಿತ್ತಕೋಶದ ಶಸ್ತ್ರಚಿಕಿತ್ಸೆಗಳ ನಂತರ ಮೊದಲ ಒಂದೆರಡು ದಿನ ಬಾಯಿಗೆ ಏನನ್ನೂ ಕೊಡುವಂತಿಲ್ಲದಾಗ; ಕುಡಿದ ನೀರೂ ವಾಂತಿಯಾಗುತ್ತಿರುವಾಗ; ಅಪಘಾತದಲ್ಲಿ ದವಡೆ ಮುರಿದಾಗ; ರೋಗಿಗೆ ಎಚ್ಚರ ಇಲ್ಲದಾಗ. ಇಂಥ ಕಡೆ ಇದು ನಿಜಕ್ಕೂ ಒಳ್ಳೆಯ ಔಷಧ. ಡೈಕ್ಲೋಫೆನಾಕ್‌ನಂತೆ ಹೊಟ್ಟೆಯಲ್ಲಿ ಹುಣ್ಣು ಮಾಡುವುದಿಲ್ಲ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುವುದಿಲ್ಲ. ಮಾರ್ಫಿನ್ ಗುಂಪಿನ ಔಷಧಗಳಂತೆ ಉಸಿರಾಟವನ್ನು ಕುಗ್ಗಿಸುವುದಿಲ್ಲ. ಇದನ್ನು ಜೊತೆಗೆ ಕೊಟ್ಟರೆ ಆ ಗುಂಪಿನ ಔಷಧಗಳ ಪ್ರಮಾಣವನ್ನೂ ತಗ್ಗಿಸಬಹುದು.

ಇಡ್ಲಿ ತಿಂದು ಕಾಫಿ ಕುಡಿದು, ಸ್ಕೂಟರಿನಲ್ಲಿ ತಾವೇ ಕ್ಲಿನಿಕ್‌ಗೆ ಬಂದವರಿಗೆ ಮಾತ್ರೆ ಸಾಕು. ಎರಡು ರೂಪಾಯಿ ಆಸುಪಾಸಿನ ಮಾತ್ರೆ ಮಾಡುವ ಕೆಲಸಕ್ಕೆ ರಕ್ತನಾಳ ಚುಚ್ಚಿ, ನೂರಾರು ರೂಪಾಯಿ ತೆತ್ತು, ಸೋಂಕಿಗೆ ಒಂದು ಬಾಗಿಲು ತೆರೆದು ಮಲಗಬೇಕಾದ ಅಗತ್ಯ ಕಾಣುವುದಿಲ್ಲ. ಜ್ವರ ಬಾಟಲಿಯಿಂದ ಇಳಿದರೂ ಆರು ಗಂಟೆ ಕಳೆದ ಮೇಲೆ ಮತ್ತೆ ಏರಬಹುದು. ಔಷಧ ಸೋತಿತು ಎಂದು ಅದರ ಅರ್ಥವಲ್ಲ. ಪ್ಯಾರಾಸಿಟಮಾಲ್ ಜ್ವರವನ್ನು ತಗ್ಗಿಸುತ್ತದೆಯೇ ಹೊರತು ಜ್ವರದ ಕಾರಣವನ್ನಲ್ಲ.

ವಯಸ್ಸಲ್ಲ, ತೂಕ

ಮುಖ್ಯ ವಿಷಯ ಇಲ್ಲಿದೆ. ಬಾಟಲಿಯ ಮೇಲೆ 1000 ಎಂದು ಅಚ್ಚಾಗಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಪೂರ್ತಿ ಬಾಟಲಿ ಎಂದಲ್ಲ. ಪೂರ್ತಿ ಬಾಟಲಿ 50 ಕಿಲೋಗಿಂತ ಹೆಚ್ಚು ತೂಕದವರಿಗೆ ಮಾತ್ರ. ಅವರಿಗೂ ಎರಡು ಬಾಟಲಿಗಳ ನಡುವೆ ಕನಿಷ್ಠ 4 ಗಂಟೆ, ಸಾಮಾನ್ಯವಾಗಿ 6 ಗಂಟೆ ಅಂತರ ಬೇಕು. 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ಮೀರಬಾರದು. 10ರಿಂದ 50 ಕಿಲೋ ತೂಕದವರಿಗೆ ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ, ದಿನಕ್ಕೆ ಕಿಲೋಗೆ 60 ಮಿ.ಗ್ರಾಂ ಎಂಬುದು ಯೂರೋಪಿನಲ್ಲಿ ಪಾಲಿಸುವ ಮಿತಿ. 10 ಕಿಲೋಗಿಂತ ಕಡಿಮೆ ತೂಕದ ಹಸುಳೆಗಳಿಗೆ ಅದರಲ್ಲೂ ಅರ್ಧ, ಅಂದರೆ ಕಿಲೋಗೆ 7.5 ಮಿ.ಗ್ರಾಂ, ದಿನಕ್ಕೆ 30.

ಈ ಲೆಕ್ಕವನ್ನು ನೀವೇ ಹಾಕಿ ಔಷಧ ಕೊಡಿ ಎಂದು ಹೇಳುತ್ತಿಲ್ಲ. ಕೇಳಲು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. 16 ಕಿಲೋ ತೂಕದ ನಾಲ್ಕು ವರ್ಷದ ಮಗುವನ್ನು ತೆಗೆದುಕೊಳ್ಳಿ. ಅದಕ್ಕೆ ಬೇಕಾದ್ದು 240 ಮಿ.ಗ್ರಾಂ, ಅಂದರೆ ಬಾಟಲಿಯ 24 ಮಿ.ಲೀ. ಮಾತ್ರ. ಬಾಟಲಿಯನ್ನು ಹಾಗೆಯೇ ತೂಗುಹಾಕಿ, 24ಕ್ಕೆ ನಿಲ್ಲಿಸಬೇಕಾದವರು ಪಕ್ಕದ ವಾರ್ಡಿಗೆ ಹೋದರೆ? ಮಗುವಿನ ಮೈಗೆ ಸೇರುವುದು ನಾಲ್ಕು ಪಟ್ಟಿಗಿಂತ ಹೆಚ್ಚು. ಇನ್ನು 6 ಕಿಲೋ ತೂಕದ ಹಸುಳೆಗೆ ಬೇಕಾದ್ದು 45 ಮಿ.ಗ್ರಾಂ, ಅಂದರೆ 4.5 ಮಿ.ಲೀ. ಯಾರೋ ಅವಸರದಲ್ಲಿ ಮಿ.ಗ್ರಾಂ ಅನ್ನು ಮಿ.ಲೀ. ಎಂದು ಓದಿಕೊಂಡು 45 ಮಿ.ಲೀ. ಕೊಟ್ಟರೆ ಅದು ಹತ್ತು ಪಟ್ಟು. ಹೀಗೆಲ್ಲ ಆಗುತ್ತದೆಯೇ ಎಂದು ಹುಬ್ಬೇರಿಸಬೇಡಿ. ಹಸುಳೆಗಳಿಗೆ ಆಕಸ್ಮಿಕವಾಗಿ ಹೀಗೆ ಅತಿಪ್ರಮಾಣ ಸೇರುತ್ತಿರುವುದನ್ನು ಕಂಡು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕೊಡಬೇಕಾಯಿತು. ಸಣ್ಣ ಮಕ್ಕಳಿಗೆ ಬಾಟಲಿಯನ್ನು ತೂಗುಹಾಕಲೇಬಾರದು. ಬೇಕಾದಷ್ಟನ್ನು ಸಿರಿಂಜಿನಲ್ಲಿ ಎಳೆದು ಅಳೆದು ಕೊಡಬೇಕು. ಮಿಕ್ಕದ್ದನ್ನು "ನಾಳೆಗಿರಲಿ" ಎಂದು ಫ್ರಿಜ್ಜಿನಲ್ಲಿಡುವಂತಿಲ್ಲ, ಚೆಲ್ಲಬೇಕು.

ಮಕ್ಕಳ ವಿಷಯದಲ್ಲಾದರೂ ಎಲ್ಲರೂ ಸ್ವಲ್ಪ ಎಚ್ಚರದಿಂದಿರುತ್ತಾರೆ. ನಾವು ಮರೆಯುವುದು ಮನೆಯ ಅಜ್ಜಿಯನ್ನು. ಎಪ್ಪತ್ತು ದಾಟಿದ, 42 ಕಿಲೋ ತೂಗುವ ಅಜ್ಜಿ ವಯಸ್ಸಿನಲ್ಲಿ ದೊಡ್ಡವರು, ಔಷಧದ ಲೆಕ್ಕದಲ್ಲಿ ಅಲ್ಲ. ಅವರಿಗೆ ಒಂದು ಸಲಕ್ಕೆ 630 ಮಿ.ಗ್ರಾಂ, ಅಂದರೆ 63 ಮಿ.ಲೀ. ಸಾಕು. ದಿನದ ಮಿತಿ 2520. ಕಾಯಿಲೆಯಲ್ಲಿ ಊಟ ಬಿಟ್ಟು ಸೊರಗಿದವರಿಗೆ, ದಿನವೂ ಮದ್ಯ ಸೇವಿಸುವವರಿಗೆ, ಕಾಮಾಲೆ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ವೈದ್ಯರು ಇನ್ನೂ ತಗ್ಗಿಸುತ್ತಾರೆ. ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಎರಡು ಬಾಟಲಿಗಳ ನಡುವೆ 6 ಗಂಟೆಗಿಂತ ಕಡಿಮೆ ಅಂತರ ಇರಕೂಡದು. ಆದ್ದರಿಂದ ಹಿರಿಯರನ್ನು ದಾಖಲು ಮಾಡುವಾಗ ತೂಕ ನೋಡಿಸಿ. "ಅಂದಾಜು ಐವತ್ತು ಬರ್ಕೊಳ್ಳಿ" ಎನ್ನಬೇಡಿ.

ಮನೆಯಿಂದ ಆಸ್ಪತ್ರೆಯವರೆಗಿನ ಲೆಕ್ಕ

ಅದೇ ಅಜ್ಜಿಗೆ ಜ್ವರ ಬಂದ ಒಂದು ದಿನವನ್ನು ಊಹಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ಮಗ ಒಂದು 650 ಕೊಟ್ಟ. ಬೆಳಗ್ಗೆ ಆರಕ್ಕೆ ಸೊಸೆ ಇನ್ನೊಂದು 650 ಕೊಟ್ಟಳು. ಒಂಬತ್ತಕ್ಕೆ ಮೂಗು ಸೋರುತ್ತಿದೆಯೆಂದು ಮೆಡಿಕಲ್ ಸ್ಟೋರಿನಿಂದ ತಂದ ನೆಗಡಿ ಮಾತ್ರೆ. ಅದರೊಳಗೂ 500 ಪ್ಯಾರಾಸಿಟಮಾಲ್ ಇತ್ತು. ಹನ್ನೊಂದಕ್ಕೆ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಒಂದು ಸೂಜಿ, ಅದರಲ್ಲಿ 300. ಜ್ವರ ಇಳಿಯಲಿಲ್ಲವೆಂದು ಮಧ್ಯಾಹ್ನ ಮೂರಕ್ಕೆ ನರ್ಸಿಂಗ್ ಹೋಂಗೆ ಸೇರಿಸಿದಾಗ ಪೂರ್ತಿ ಬಾಟಲಿ, 1000. ಕೂಡಿ ನೋಡಿ: 3100 ಮಿ.ಗ್ರಾಂ, ಹದಿನೇಳು ಗಂಟೆಯಲ್ಲಿ. ಕೊಟ್ಟವರೆಲ್ಲ ಕೊಟ್ಟದ್ದು ಪ್ರೀತಿಯಿಂದಲೇ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದೇ ಡೋಸ್ ಇತ್ತು. ಆದರೆ ಅಜ್ಜಿಯ ಮೈಯಲ್ಲಿ ಮಿತಿ ಮೀರಿಯಾಗಿತ್ತು.

ಮೀರಿದರೆ ಏನಾಗುತ್ತದೆ? ದೇಹ ಸೇರಿದ ಪ್ಯಾರಾಸಿಟಮಾಲ್‌ನ ಬಹುಪಾಲನ್ನು ಯಕೃತ್ತು, ಅಂದರೆ ನಾವು ದಿನಬಳಕೆಯಲ್ಲಿ ಲಿವರ್ ಎನ್ನುವ ಅಂಗ, ನಿರಪಾಯಕಾರಿಯಾಗಿ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಒಂದು ಸಣ್ಣ ಭಾಗ ಮಾತ್ರ ವಿಷವಸ್ತುವಾಗಿ ಮಾರ್ಪಡುತ್ತದೆ. ಅದನ್ನು ಅಲ್ಲೇ ಹಿಡಿದು ತಟಸ್ಥಗೊಳಿಸಲು ಗ್ಲುಟಾಥಯೋನ್ ಎಂಬ ರಕ್ಷಕ ಪದಾರ್ಥ ಯಕೃತ್ತಿನಲ್ಲಿರುತ್ತದೆ. ಮದುವೆ ಮನೆಯ ಊಟವನ್ನು ನೆನೆಸಿಕೊಳ್ಳಿ. ಒಂದು ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವವರು ಬಂದು ಸಾಲನ್ನು ಶುಚಿ ಮಾಡಿದ ನಂತರವೇ ಮುಂದಿನ ಪಂಕ್ತಿ. ಪಂಕ್ತಿಗಳು ಒಂದರ ಮೇಲೊಂದು ನುಗ್ಗಿದರೆ ಎಲೆ ತೆಗೆಯುವವರು ಸೋಲುತ್ತಾರೆ. ಡೋಸುಗಳ ನಡುವೆ 4–6 ಗಂಟೆ ಬಿಡಬೇಕೆನ್ನುವುದು ಇದಕ್ಕೇ. ಉಪವಾಸ ಬಿದ್ದವರಲ್ಲಿ, ಕುಡಿತ ಇರುವವರಲ್ಲಿ ಎಲೆ ತೆಗೆಯುವ ಆಳುಗಳೇ ಕಡಿಮೆ. ಗ್ಲುಟಾಥಯೋನ್ ಮುಗಿದಾಗ ಆ ವಿಷ ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲುತ್ತದೆ.

ಮಾತ್ರೆಗಳ ಹೆಸರು ಬೇರೆ ಬೇರೆ ಇರುವುದರಿಂದ ಮೋಸಹೋಗುವುದು ಸುಲಭ. ನೆಗಡಿ ಮಾತ್ರೆ, ಹಲ್ಲುನೋವಿನ ಮಾತ್ರೆ, ಸೊಂಟನೋವಿಗೆ ಕೊಡುವ ಅಸಿಕ್ಲೋಫೆನಾಕ್ ಜೋಡಿ ಮಾತ್ರೆ, ಟ್ರಮಡಾಲ್ ಜೋಡಿ ಮಾತ್ರೆ, ಇವುಗಳಲ್ಲಿ ಬಹಳಷ್ಟರಲ್ಲಿ 325 ಅಥವಾ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಅಡಗಿದೆ. ಮಕ್ಕಳ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಇರುವುದೂ ಉಂಟು, 250 ಇರುವುದೂ ಉಂಟು. ಹಸುಳೆಗಳ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಇರುತ್ತದೆ. ಪಕ್ಕದ ಮನೆಯವರ ಬಾಟಲಿಯಿಂದ "ಒಂದು ಚಮಚ" ಎರವಲು ತರಬೇಡಿ. ಗೋಡೆಯಲ್ಲಿ ತೂಗುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲವೇ, ಜ್ವರ ಬಂದ ದಿನ ಅದೇ ಚೌಕದಲ್ಲಿ ಮಾತ್ರೆ ಕೊಟ್ಟ ಹೊತ್ತನ್ನೂ ಮಿ.ಗ್ರಾಂ ಅನ್ನೂ ಬರೆಯಿರಿ. ಆಸ್ಪತ್ರೆಗೆ ಹೊರಟಾಗ ಅದರ ಫೋಟೋ ತೆಗೆದುಕೊಂಡು, ಮಾತ್ರೆಯ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.

ಡೆಂಗಿ ಕಾಲದಲ್ಲಿ

ಡೆಂಗಿಯನ್ನು ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಸಾಂಕ್ರಾಮಿಕ ಕಾಯಿಲೆಯೆಂದು ಅಧಿಸೂಚಿಸಿತು. ಅದನ್ನು ಹರಡುವ ಸೊಳ್ಳೆ ಹುಟ್ಟುವುದು ಎಲ್ಲರೂ ಬೈಯುವ ವೃಷಭಾವತಿಯ ಕೊಳಕು ನೀರಿನಲ್ಲಲ್ಲ, ನಮ್ಮದೇ ಮನೆಯ ಸಂಪು, ಡ್ರಮ್ಮು, ಹೂಕುಂಡದ ತಟ್ಟೆಯ ತಿಳಿನೀರಿನಲ್ಲಿ. ಇದು ಹಳೆಯ ಮಾತು. ಆದರೂ ಪ್ರತಿ ಜೂನ್‌ನಲ್ಲಿ ಹೇಳಬೇಕಾಗಿ ಬರುತ್ತದೆ.

ಡೆಂಗಿಯಲ್ಲಿ ಜ್ವರಕ್ಕೆ ಕೊಡಬೇಕಾದ್ದು ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲದ ಮಾತ್ರೆ ಸಿರಪ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಆದರೆ ಡೆಂಗಿ ವೈರಸ್ ಯಕೃತ್ತನ್ನೂ ಬಿಡುವುದಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿರುವುದನ್ನು ನೀವೂ ನೋಡಿರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2009ರ ಡೆಂಗಿ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ: ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 10 ಮಿ.ಗ್ರಾಂ, ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ದೊಡ್ಡವರಿಗೆ ದಿನಕ್ಕೆ 3 ಗ್ರಾಂ ಮಿತಿ.

ಸೊಂಟಕ್ಕೆ ಚುಚ್ಚುವ ಸೂಜಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪದ ಮನೆಗಳಿವೆ. 2 ಮಿ.ಲೀ.ನ ಪ್ಯಾರಾಸಿಟಮಾಲ್ ಸೂಜಿಮದ್ದಿನಲ್ಲಿ ಇರುವುದು 300 ಮಿ.ಗ್ರಾಂ, ಒಂದು ಮಾತ್ರೆಗಿಂತ ಕಡಿಮೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಸೋರಿ ಗಡ್ಡೆ ಕಟ್ಟಬಹುದು. ಡೆಂಗಿಯ ಅನುಮಾನ ಇದ್ದಾಗ ಈ ಸೂಜಿಯನ್ನು ಕೇಳಿ ಹಾಕಿಸಿಕೊಳ್ಳಬೇಡಿ.

ಇನ್ನೊಂದು ಅಪಾಯ ಬೇರೆ ಬಗೆಯದು. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಲು ತೊಡಗುವ ಕಷ್ಟದ ಘಟ್ಟ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೆಯ ದಿನದ ನಡುವೆ. ಬಾಟಲಿ ಹಾಕಿಸಿದಾಗ ಮೈ ತಣ್ಣಗಾಯಿತೆಂದು ಮನೆಗೆ ಹೊರಡುವ ಆತುರ ಬೇಡ. ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಅತಿಯಾದ ಸುಸ್ತು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಥರ್ಮಾಮೀಟರ್ ಏನು ತೋರಿಸಿದರೂ ಆಸ್ಪತ್ರೆಯಲ್ಲೇ ಇರಬೇಕು.

ಬಾಟಲಿ ಹಾಕುವಾಗ ಪಕ್ಕದಲ್ಲಿದ್ದವರಿಗೆ

ರೋಗಿಯ ಪಕ್ಕದಲ್ಲಿ ಕೂತವರಿಗೆ ಮೊಬೈಲ್ ನೋಡುವುದಲ್ಲದೆ ಬೇರೆ ಕೆಲಸವೂ ಇದೆ. ಔಷಧ ಕಟ್ಟುವ ಮೊದಲು "ಸಿಸ್ಟರ್, ಇದು ಪ್ಯಾರಾಸಿಟಮಾಲಾ? ಎಷ್ಟು ಮಿ.ಲೀ. ಹೋಗ್ಬೇಕು?" ಎಂದು ಕೇಳಿ. ಮನೆಯಲ್ಲಿ ಕೊನೆಯ ಮಾತ್ರೆ ಕೊಟ್ಟ ಹೊತ್ತನ್ನು ಅವರು ಕೇಳದಿದ್ದರೂ ಹೇಳಿ. ಇದರಿಂದ ಒಳ್ಳೆಯ ನರ್ಸ್ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಬಾಟಲಿಯ ಸೀಲು, ಅವಧಿ ಮುಗಿಯುವ ದಿನಾಂಕ ನೋಡಿ. ದ್ರಾವಣದಲ್ಲಿ ಕಣಗಳು ತೇಲುತ್ತಿದ್ದರೆ ತೋರಿಸಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಮೃತಪಟ್ಟಾಗ ಡ್ರಿಪ್ ದ್ರಾವಣಗಳ ಗುಣಮಟ್ಟದ ಪ್ರಶ್ನೆ ಇಡೀ ರಾಜ್ಯದಲ್ಲಿ ಎದ್ದಿತು. ಅಲ್ಲಿ ಅನುಮಾನಕ್ಕೆ ಬಂದದ್ದು ಬೇರೆ ದ್ರಾವಣ, ಪ್ಯಾರಾಸಿಟಮಾಲ್ ಅಲ್ಲ. ಆದರೆ ರಕ್ತನಾಳಕ್ಕೆ ಹೋಗುವುದು ಯಾವುದೂ ಸಣ್ಣ ವಿಷಯವಲ್ಲ.

ಬಾಟಲಿ 15 ನಿಮಿಷದಲ್ಲಿ ಹೋಗಬೇಕು. ಬೇಗ ಮನೆಗೆ ಹೋಗೋಣವೆಂದು ಡ್ರಿಪ್ಪಿನ ಚಕ್ರವನ್ನು ನೀವು ತಿರುಗಿಸಬೇಡಿ. ಆಗಲೇ ಸೊರಗಿದವರಲ್ಲಿ ರಕ್ತದೊತ್ತಡ ಕುಸಿಯಬಹುದು. ತಲೆಸುತ್ತು, ಮೈ ತುರಿಕೆ, ದದ್ದು, ಉಸಿರು ಕಟ್ಟುವಂತಾಗುವುದು ಕಂಡರೆ ತಕ್ಷಣ ಕೂಗಿ ಕರೆಯಿರಿ. ಗಾಜಿನ ಬಾಟಲಿಯಾದರೆ ಕೊನೆಯ ಹನಿಗಳ ಹೊತ್ತಿಗೆ ನರ್ಸ್ ಹತ್ತಿರವೇ ಇರಬೇಕು. ಬಾಟಲಿ ಬರಿದಾದ ಮೇಲೂ ಬಿಟ್ಟರೆ ಕೊಳವೆಯ ಮೂಲಕ ಗಾಳಿ ರಕ್ತನಾಳ ಸೇರುವ ಸಂಭವ ಇದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು. ಮನೆಗೇ ಬಂದು ಡ್ರಿಪ್ ಹಾಕಿ ಹೋಗುವವರನ್ನು ಪರಿಚಯದವರ ಮಾತಿನ ಮೇಲೆ ಕರೆಸಬೇಡಿ. ಕ್ಲಿನಿಕ್ ಆದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ಕೆಪಿಎಂಇ ನೋಂದಣಿ ಪತ್ರ ಕಾಣುವಂತೆ ಇದೆಯೇ ನೋಡಿ.

ಪ್ರಮಾಣ ಹೆಚ್ಚಾಯಿತೆಂಬ ಅನುಮಾನ ಬಂದರೆ ಕಾಯಬೇಡಿ. ಈ ವಿಷದ ಕುತಂತ್ರವೆಂದರೆ ಮೊದಲ ದಿನ ಅದು ಸುಮ್ಮನಿರುತ್ತದೆ. ಸ್ವಲ್ಪ ವಾಕರಿಕೆ, ಬೆವರು, ಅಥವಾ ಅದೂ ಇಲ್ಲ. ಕಣ್ಣು ಹಳದಿಯಾಗುವುದು, ಬಲಗಡೆ ಪಕ್ಕೆಯ ಕೆಳಗೆ ನೋವು, ಮಂಪರು ಕಾಣಿಸುವುದು ಎರಡು ಮೂರು ದಿನದ ಮೇಲೆ, ಆಗ ಬಹಳ ತಡವಾಗಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿವಿಷ ಇದೆ. ಮುಗಿದುಹೋದ ಗ್ಲುಟಾಥಯೋನ್ ಅನ್ನು ಮತ್ತೆ ತುಂಬಿಕೊಡುವುದು ಅದರ ಕೆಲಸ. ಎಂಟು ಗಂಟೆಯೊಳಗೆ ಶುರುಮಾಡಿದರೆ ಹೆಚ್ಚಿನವರ ಯಕೃತ್ತು ಉಳಿಯುತ್ತದೆ, ತಡವಾದರೂ ಉಪಯೋಗ ಇದ್ದೇ ಇದೆ. ಹುಣಸೆ ನೀರು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಹಗಲಿರುಳು ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಇಎಸ್‌ಐ ಸೌಲಭ್ಯ ಇರುವ ಕಾರ್ಮಿಕ ಕುಟುಂಬದವರಿಗೆ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಕೆಂಗೇರಿ ಕಡೆಯವರಿಗೆ ಮೈಸೂರು ರಸ್ತೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ.

ಇನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ಸಂಜೆ. ಚೀಟಿಯಲ್ಲಿ "650, ದಿನಕ್ಕೆ ಮೂರು ಸಲ" ಎಂದು ಬರೆದಿರುತ್ತದೆ, ಮನೆಗೆ ಬಂದು ಊಟವಾದ ಕೂಡಲೇ ಮೊದಲ ಮಾತ್ರೆ ನುಂಗಿಸುವುದು ವಾಡಿಕೆ. ಹೊರಡುವ ಮುಂಚೆ ಕೊನೆಯ ಬಾಟಲಿ ಎಷ್ಟು ಹೊತ್ತಿಗೆ ಮುಗಿಯಿತೆಂದು ಕೇಳಿ ಚೀಟಿಯ ಮೂಲೆಯಲ್ಲೇ ಬರೆಸಿಕೊಳ್ಳಿ. ರಾತ್ರಿ ಎಂಟಕ್ಕೆ ಮುಗಿದಿದ್ದರೆ ಮೊದಲ ಮಾತ್ರೆಯ ಹೊತ್ತು ಬರುವುದು ಬೆಳಗಿನ ಜಾವ ಎರಡರ ನಂತರ; ಆಗ ರೋಗಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಕೊಡುವುದೇನೂ ಬೇಡ, ಬೆಳಗ್ಗೆ ಎದ್ದ ಮೇಲೆ ಜ್ವರ ನೋಡಿಕೊಂಡು ಕೊಟ್ಟರಾಯಿತು.